ಫಾರಂ ತುಂಬಿದವರು ಯಾರು?

ಪ್ರಶ್ನೆ: ನಮ್ಮದು ನೆಲ್ಲು ಕೊಯ್ಯುವ ಎರಡು ಮಷೀನು, ಒಂದು ಚೈನು, ಒಂದು ಟೈರು. ಸುಗ್ಗಿಗೆ ಮುಂಚೆ ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿದೆ. ದಿನಾ ಹೆಸರು, ನಂಬರು ಬಂದವು. ಫೋನ್ ಹಚ್ಚಿದರೆ ಕೆಲವು ನಂಬರು ಚಾಲ್ತಿಯಲ್ಲೇ ಇಲ್ಲ, ಕೆಲವರು ಎತ್ತುವುದಿಲ್ಲ, ಎತ್ತಿದವರು ‘ನಾವ್ಯಾಕ್ ಮಷೀನ್ ಕೇಳೋಣ್ರೀ’ ಅಂತಾರೆ. ಇದೆಲ್ಲ ಬಾಟ್‌ಗಳ ಕೆಲಸ, ತಡೆಯುವ ಸಾಫ್ಟ್‌ವೇರ್‌ಗೆ ತಿಂಗಳ ಬಾಡಿಗೆ ಕಟ್ಟಿ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಕಟ್ಟಬೇಕೇ?
— ಓದುಗರು, ವಳಕಮದಿನ್ನಿ

ಉತ್ತರ: ಬೇಡ. ಆ ದುಡ್ಡನ್ನು ಸದ್ಯಕ್ಕೆ ಡೀಸೆಲ್‌ಗೇ ಇಟ್ಟುಕೊಳ್ಳಿ. ಕಾರಣ ಹೇಳುತ್ತೇನೆ.

ಬಾಟ್ ಎನ್ನುವುದು ಮನುಷ್ಯರ ಹಾಗೆ ನಟಿಸುವ ಪ್ರೋಗ್ರಾಂ. ಅದು ಕಟ್ಟುಕತೆಯಲ್ಲ. ‘ಮೆಥ್‌ಬಾಟ್’ ಎಂಬ ಜಾಲವನ್ನು ನಡೆಸಿದ ಅಲೆಕ್ಸಾಂಡರ್ ಝುಕೋವ್ ಎಂಬ ರಷ್ಯನ್ನನಿಗೆ 2021ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹತ್ತು ವರ್ಷ ಜೈಲು ವಿಧಿಸಿತು. ಅವನ ತಂಡ ಬಾಡಿಗೆಗೆ ಹಿಡಿದಿದ್ದ ಸುಮಾರು ಎರಡು ಸಾವಿರ ಸರ್ವರ್‌ಗಳು ಸಾವಿರಾರು ನಕಲಿ ಜಾಲತಾಣಗಳಲ್ಲಿ ಜಾಹೀರಾತುಗಳನ್ನು ‘ನೋಡುತ್ತಿದ್ದವು’. ಮೌಸ್ ಆಡಿಸುವುದು, ಪುಟ ಕೆಳಗೆ ಸರಿಸುವುದು, ಫೇಸ್‌ಬುಕ್‌ಗೆ ಲಾಗಿನ್ ಆದಂತೆ ತೋರಿಸಿಕೊಳ್ಳುವುದು ಎಲ್ಲವನ್ನೂ ಅವು ಕಲಿತಿದ್ದವು. ಜಾಹೀರಾತುದಾರರು ಕಳೆದುಕೊಂಡದ್ದು 70 ಲಕ್ಷ ಡಾಲರ್‌ಗೂ ಹೆಚ್ಚು. ನಮ್ಮ ದೇಶವೂ ಇದರಿಂದ ದೂರ ಉಳಿದಿಲ್ಲ. 2019ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ಪತ್ತೆ ಹಚ್ಚಿದ ‘ಏಜೆಂಟ್ ಸ್ಮಿತ್’ ಎಂಬ ಕುತಂತ್ರಾಂಶ ಎರಡೂವರೆ ಕೋಟಿ ಆಂಡ್ರಾಯ್ಡ್ ಫೋನ್‌ಗಳಿಗೆ ಹೊಕ್ಕಿತ್ತು. ಅವುಗಳಲ್ಲಿ ಸುಮಾರು ಒಂದೂವರೆ ಕೋಟಿ ಭಾರತದ ಫೋನ್‌ಗಳೇ. ಪ್ಲೇ ಸ್ಟೋರ್‌ನ ಹೊರಗಿಂದ ಆಟದ ಆ್ಯಪ್ ಹಾಕಿಕೊಂಡವರ ಫೋನು, ಅವರಿಗೆ ಗೊತ್ತಿಲ್ಲದಂತೆ, ಯಾರದೋ ಜಾಹೀರಾತಿನ ದಂಧೆಗೆ ದುಡಿಯುತ್ತಿತ್ತು.

ಇಷ್ಟು ಓದಿದ ಮೇಲೆ ನಿಮಗೆ ಬಂದ ನಂಬರುಗಳೂ ಇಂಥವೇ ಅನ್ನಿಸಬಹುದು. ಆದರೆ ಇಂಥ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಸುಳ್ಳಿನಿಂದ ದುಡ್ಡು ಯಾರ ಜೇಬಿಗೆ ಹೋಗುತ್ತದೆ? ಝುಕೋವ್‌ನಿಗೆ ಪ್ರತಿ ಜಾಹೀರಾತು ವೀಕ್ಷಣೆಗೂ ದುಡ್ಡು ಬರುತ್ತಿತ್ತು. ಫೇಸ್‌ಬುಕ್ ಒಳಗೇ ತೆರೆಯುವ ನಿಮ್ಮ ಫಾರಂ ತುಂಬಿದರೆ ದೂರದ ಕಳ್ಳನೊಬ್ಬನಿಗೆ ಹತ್ತು ಪೈಸೆಯೂ ದಕ್ಕುವುದಿಲ್ಲ. ಹಾಗಾಗಿ ನಿಮ್ಮ ಪಟ್ಟಿಯಲ್ಲಿರುವವರು ಬಹುಪಾಲು ಮನುಷ್ಯರೇ ಎಂದು ನನ್ನ ಅಂದಾಜು. ಅವರು ಕೇಳಬೇಕೆಂದು ಕೇಳಿದವರಲ್ಲ, ಅಷ್ಟೆ.

ಆದದ್ದು ಹೀಗಿರಬೇಕು. ಫೇಸ್‌ಬುಕ್‌ನ ಫಾರಂ ತೆರೆದ ಕೂಡಲೇ ಹೆಸರು, ಫೋನ್ ನಂಬರು ಖಾತೆಯಿಂದ ತಾವೇ ತುಂಬಿಕೊಳ್ಳುತ್ತವೆ. ಖಾತೆ ತೆರೆದಾಗ ಕೊಟ್ಟ ಸಿಮ್ ಎಂದೋ ಬಂದಾಗಿರಬಹುದು. ಆ ನಂಬರು ಈಗ ಬೇರೆಯವರ ಕೈಯಲ್ಲೂ ಇರಬಹುದು. ಹೆಬ್ಬೆರಳು ಎರಡು ಸಲ ತಾಗಿದರೆ ಫಾರಂ ಹೋಗಿಬಿಡುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾದು ಬಳ್ಳಾರಿ ಕಡೆ ಹೋಗುವ ಬಸ್ಸಿನಲ್ಲಿ ಕೂತವರಿಗೂ ನಿಮ್ಮ ಜಾಹೀರಾತು ಕಾಣುತ್ತದೆ. ಏಕೆಂದರೆ ಆ ಸೀಮೆಯಲ್ಲಿ ವಾಸಿಸುವವರ ಜೊತೆಗೆ ಇತ್ತೀಚೆಗೆ ಅಲ್ಲಿ ಓಡಾಡಿದವರೂ ಫೇಸ್‌ಬುಕ್‌ನ ಲೆಕ್ಕಕ್ಕೆ ಸೇರುತ್ತಾರೆ.

ಇದಕ್ಕಿಂತ ದೊಡ್ಡ ತೊಂದರೆ ಅದರ ಮುಂದಿನದು. ಫಾರಂ ಬಂತೆಂದರೆ ನಿಮಗೆ ಗಿರಾಕಿ ಸಿಕ್ಕ ಎಂದೇ ಫೇಸ್‌ಬುಕ್‌ನ ಲೆಕ್ಕ. ಯಾರು ತುಂಬಿದರೋ ಅಂಥವರನ್ನೇ ಮತ್ತೆ ಮತ್ತೆ ಹುಡುಕುತ್ತದೆ. ಕಂಡದ್ದನ್ನೆಲ್ಲ ಒತ್ತುವವರು ಅಗ್ಗಕ್ಕೆ ಸಿಗುತ್ತಾರೆ. ಕೊಯ್ಲಿಗೆ ಬಂದ ಹೊಲ ಇಟ್ಟುಕೊಂಡ ರೈತ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ವಾರ ಕಳೆಯುವಷ್ಟರಲ್ಲಿ ನಿಮ್ಮ ದುಡ್ಡೆಲ್ಲ ಒತ್ತುವವರ ಹಿಂದೆಯೇ ಓಡತೊಡಗುತ್ತದೆ. ಎಂಥ ಸಾಫ್ಟ್‌ವೇರ್ ಹಾಕಿದರೂ ಇದು ಸರಿಹೋಗದು, ಏಕೆಂದರೆ ಇಲ್ಲಿ ಮೂಲ ತೊಂದರೆ ಬಾಟ್ ಅಲ್ಲ.

ಆದ್ದರಿಂದ ಫಾರಂ ಅನ್ನು ಸ್ವಲ್ಪ ಕಷ್ಟ ಮಾಡಿ. ಫಾರಂ ಮಾಡುವಾಗ ಎರಡು ಬಗೆ ಕಾಣುತ್ತವೆ: ಸಂಖ್ಯೆ ಹೆಚ್ಚು ತರುವುದು ಒಂದು, ನಿಜವಾದ ಆಸಕ್ತಿ ಇದ್ದವರನ್ನು ತರುವುದು ಇನ್ನೊಂದು. ಎರಡನೆಯದು ಕಳಿಸುವ ಮೊದಲು ‘ಇದು ಸರಿಯೇ?’ ಎಂದು ಮತ್ತೊಮ್ಮೆ ತೋರಿಸುತ್ತದೆ. ಅದನ್ನೇ ಆರಿಸಿ. ನಂಬರಿಗೆ ಓಟಿಪಿ ಕಳಿಸಿ ಖಚಿತಪಡಿಸಿಕೊಳ್ಳುವ ಆಯ್ಕೆ ಕಂಡರೆ ಅದನ್ನೂ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಿಂದ ಬರೆಯಲೇಬೇಕಾದ ಪ್ರಶ್ನೆ ಒಂದೆರಡು ಇರಲಿ: ಹೊಲ ಯಾವ ಊರಿನದು, ಎಷ್ಟನೇ ನಂಬರಿನ ಉಪಕಾಲುವೆಯ ಕೆಳಗಿದೆ? ಎಷ್ಟು ಎಕರೆ? ಗದ್ದೆ ಒಣಗಿದೆಯೋ, ಇನ್ನೂ ಹಸಿಯಿದೆಯೋ? ಚೈನ್ ಮಷೀನು ಬೇಕೋ ಟೈರಿನದೋ ಎಂದು ತಿಳಿಯಲು ಕೊನೆಯ ಉತ್ತರ ನಿಮಗೆ ಹೇಗೂ ಬೇಕು. ತುಂಗಭದ್ರಾ ಎಡದಂಡೆಯ ರೈತನಿಗೆ ಇದಕ್ಕೆಲ್ಲ ಅರ್ಧ ನಿಮಿಷ ಸಾಕು. ಬಾಟ್‌ಗೂ ಬಸ್ಸಿನಲ್ಲಿ ಕೂತು ಬೇಸರ ಕಳೆಯುವವರಿಗೂ ಇದು ಸುಲಭಕ್ಕೆ ದಾಟಲಾಗದ ಬೇಲಿ. ಫಾರಂಗಳ ಸಂಖ್ಯೆ ಇಳಿಯುತ್ತದೆ, ಒಂದೊಂದರ ಖರ್ಚು ಏರಿದಂತೆ ಕಾಣುತ್ತದೆ. ಹೆದರಬೇಡಿ, ಹೊಲಕ್ಕೆ ಇಳಿದ ಒಂದು ಮಷೀನಿಗೆ ಜಾಹೀರಾತಿನ ದುಡ್ಡು ಎಷ್ಟು ಬಿತ್ತು ಎಂದು ಮಾತ್ರ ಲೆಕ್ಕ ಹಾಕಿ. ಫಾರಂ ಬಿಟ್ಟು ಜಾಹೀರಾತಿನಿಂದ ನೇರ ವಾಟ್ಸಾಪ್‌ಗೆ ಬರುವಂತೆ ಮಾಡುವುದೂ ಒಳ್ಳೆಯದೇ, ಅಲ್ಲಿ ಚಾಲ್ತಿಯಲ್ಲಿರುವ ನಂಬರಿನಿಂದಲೇ ಮಾತು ಶುರುವಾಗುತ್ತದೆ.

ಬಾಟ್‌ಗಳು ನಿಜಕ್ಕೂ ನುಗ್ಗುವ ಬಾಗಿಲು ಬೇರೆ ಇದೆ. ಜಾಹೀರಾತು ಎಲ್ಲೆಲ್ಲಿ ಕಾಣಬೇಕು ಎಂಬ ಪಟ್ಟಿಯಲ್ಲಿ ‘ಆಡಿಯೆನ್ಸ್ ನೆಟ್‌ವರ್ಕ್’ ಎಂದಿದ್ದರೆ ಗುರುತು ತೆಗೆಯಿರಿ. ಅದು ಹೊರಗಿನ ಆ್ಯಪ್ ಮತ್ತು ಆಟಗಳ ಜಾಲ. ಅಲ್ಲಿ ನಿಮ್ಮ ಜಾಹೀರಾತಿನಿಂದ ಆ್ಯಪ್ ಮಾಲೀಕನಿಗೆ ಪಾಲು ಸಿಗುತ್ತದೆ, ಮಕ್ಕಳು ಆಟದ ನಡುವೆ ತಪ್ಪಿ ಒತ್ತುವುದೂ ಉಂಟು. ಗೂಗಲ್‌ನಲ್ಲಿ ಜಾಹೀರಾತು ಕೊಟ್ಟರೆ ಹುಡುಕುವವರಿಗಷ್ಟೇ ಕಾಣಿಸಿ, ಹೊರಗಿನ ಜಾಲತಾಣ, ಆ್ಯಪ್‌ಗಳಲ್ಲಿ ತೋರಿಸುವ ಡಿಸ್‌ಪ್ಲೇ ಜಾಲ ಬೇಡ. ಸ್ಥಳದ ಆಯ್ಕೆಯಲ್ಲಿ ಆ ಊರಿನ ಬಗ್ಗೆ ‘ಆಸಕ್ತಿ ಉಳ್ಳವರು’ ಎಂಬುದನ್ನು ಬಿಟ್ಟು ಅಲ್ಲಿ ಇರುವವರನ್ನು ಮಾತ್ರ ಇಟ್ಟುಕೊಳ್ಳಿ. ಅಮಾನ್ಯ ಕ್ಲಿಕ್‌ಗಳನ್ನು ಗೂಗಲ್ ತಾನೇ ಜರಡಿ ಹಿಡಿದು ಬಿಲ್ಲಿನಿಂದ ಬಿಡುತ್ತದೆ, ವರದಿಯಲ್ಲಿ ಅದಕ್ಕೊಂದು ಕಾಲಂ ಇದೆ. ಸಂಶಯ ಬಂದರೆ ತನಿಖೆಗೆ ಅರ್ಜಿಯನ್ನೂ ಹಾಕಬಹುದು. ತಡ ಮಾಡದೆ, ಎರಡು ತಿಂಗಳು ತುಂಬುವ ಮೊದಲೇ ಹಾಕಿ.

ಈಗ ನಿಮ್ಮ ಪರಿಚಯದವರು ಹೇಳಿದ ಸಾಫ್ಟ್‌ವೇರ್. ಇಂಥವು ಹೆಚ್ಚಾಗಿ ಮಾಡುವುದು ಸಂಶಯದ ಐಪಿ ವಿಳಾಸಗಳನ್ನು, ಅಂದರೆ ಇಂಟರ್‌ನೆಟ್‌ನಲ್ಲಿ ಫೋನು, ಕಂಪ್ಯೂಟರು ಬಳಸುವ ಅಂಕೆಯ ವಿಳಾಸಗಳನ್ನು, ತಡೆಯುವ ಕೆಲಸ. ಗೂಗಲ್‌ನಲ್ಲಿ ಒಂದು ಅಭಿಯಾನಕ್ಕೆ 500 ವಿಳಾಸ ತಡೆಯಬಹುದು. ಫೇಸ್‌ಬುಕ್‌ನಲ್ಲಿ ಆ ಸೌಲಭ್ಯವೇ ಜಾಹೀರಾತುದಾರರಿಗಿಲ್ಲ. ನಮ್ಮ ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸವನ್ನು ಬಹಳ ಫೋನ್‌ಗಳು ಹಂಚಿಕೊಳ್ಳುವುದರಿಂದ, ಒಬ್ಬ ಕಿಡಿಗೇಡಿಯನ್ನು ತಡೆಯಲು ಹೋಗಿ ಗಿರಾಕಿಯಾಗಬಹುದಾಗಿದ್ದ ರೈತರನ್ನೂ ಹೊರಗೆ ನಿಲ್ಲಿಸಿದಂತಾಗುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯೊಂದಕ್ಕೆ ಈ ಲೆಕ್ಕ ಬೇರೆ ಇರಬಹುದು. ಎರಡು ಮಷೀನಿನ ಮಾಲೀಕರಿಗೆ ಇದು ಗಿಟ್ಟುವುದಿಲ್ಲ.

ಮುಂದೆ ಯಾವುದಾದರೂ ಏಜೆನ್ಸಿಗೆ ಜಾಹೀರಾತಿನ ಕೆಲಸ ಒಪ್ಪಿಸುವುದಾದರೆ, ದುಡ್ಡು ಯಾರ ಜೇಬಿಗೆ ಎಂಬ ಮೊದಲಿನ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ. ಒಂದು ನಂಬರಿಗೆ ಇಷ್ಟು ಎಂದು ಮಾತಾಡಿದರೆ ಸುಳ್ಳು ನಂಬರಿನ ದುಡ್ಡು ಏಜೆನ್ಸಿಗೇ ಹೋಗುತ್ತದೆ. ನಕಲಿ ಹೆಸರುಗಳನ್ನು ಕೂಲಿಗೆ ತುಂಬಿಸುವ ದಂಧೆ ಹುಟ್ಟುವುದು ಇಂಥ ಕರಾರಿನಲ್ಲೇ. ಫೋನ್ ಎತ್ತಿ, ಊರು ಮತ್ತು ಎಕರೆ ಹೇಳಿದವರ ಲೆಕ್ಕಕ್ಕೆ ಮಾತ್ರ ದುಡ್ಡು ಎಂದು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಜಾಹೀರಾತಿನ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಖರ್ಚಿನ ಲೆಕ್ಕ ನಿಮ್ಮ ಫೋನಿನಲ್ಲೇ ಕಾಣಲಿ.