ವೀಸಾ ಬರುವ ಮುನ್ನ ರಾಜೀನಾಮೆ ಬೇಡ

ದುಬೈ ಶಾಲೆಯಲ್ಲಿ ಗಣಿತ ಶಿಕ್ಷಕಿಯ ಕೆಲಸ ಸಿಕ್ಕಿದ್ದಕ್ಕೆ ಅಭಿನಂದನೆಗಳು. ಮೊದಲು ಪದವಿ, ಬಿ.ಎಡ್. ಪ್ರಮಾಣಪತ್ರಗಳ ದೃಢೀಕರಣಕ್ಕೆ ಓಡಾಡಿ. ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಹೀಗೆ ಒಂದಾದ ಮೇಲೊಂದು ಮುದ್ರೆ ಬೀಳಬೇಕು, ವಾರಗಟ್ಟಲೆ ಹಿಡಿಯುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು, ಅಂಕಪಟ್ಟಿಯಲ್ಲಿ ಬರೀ ‘ಕೆ.’ ಎಂದಿದ್ದರೆ ಆ ತೊಡಕನ್ನು ಈಗಲೇ ಸರಿಪಡಿಸಿಕೊಳ್ಳಿ.

ಏಜೆಂಟ್ ಎರಡು ಲಕ್ಷ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಕೊಡಬೇಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ, ಜಿಎಸ್‌ಟಿ ಬಿಟ್ಟು, ಗರಿಷ್ಠ 30,000 ರೂಪಾಯಿ. ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆಯೇ ನೋಡಿ. ವಸತಿ, ವಿಮಾನದ ಟಿಕೆಟ್, ರಜೆಯ ಸಂಬಳ ಕರಾರಿನಲ್ಲಿ ಬರೆದಿರಲಿ, ಬಾಯಿಮಾತು ಸಾಲದು. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಬೇಡಿ. ಕೆಲಸದ ವೀಸಾ ಕೈಸೇರಿದ ಮೇಲೆಯೇ ಈಗಿನ ಶಾಲೆಗೆ ರಾಜೀನಾಮೆ ಕೊಡಿ.