ಒಣಗದ ನೇಲ್ ಪಾಲಿಶ್ ಗಿರಾಕಿಯನ್ನು ಓಡಿಸುತ್ತದೆ: ಪಾರ್ಲರ್‌ನಲ್ಲಿ ಗೆಲ್ಲಲು 9 ಸೂತ್ರಗಳು

ಬ್ಯೂಟಿಷಿಯನ್ ಕೋರ್ಸ್ ಮುಗಿಸಿದ್ದೀರಿ. ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ, ಕೆ.ಆರ್. ನಗರದಲ್ಲೋ ಎಚ್.ಡಿ. ಕೋಟೆಯಲ್ಲೋ ಸ್ವಂತ ಪಾರ್ಲರ್ ಬೋರ್ಡ್ ಹಾಕುವ ಆಸೆ ಇದೆ. ಥ್ರೆಡ್ಡಿಂಗ್, ಫೇಶಿಯಲ್ ಪಕ್ಕದ ಪಾರ್ಲರ್‌ನವರಿಗೂ ಬರುತ್ತದೆ. ನಿಮ್ಮ ಹೆಸರು ಉಳಿಯುವುದು ಫಿನಿಶಿಂಗ್‌ನಲ್ಲಿ. ಮ್ಯಾನಿಕ್ಯೂರ್ ಮಾಡಿಸಿಕೊಂಡವರು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಬಣ್ಣ ಸೀರೆಗೆ ಮೆತ್ತಿಕೊಂಡರೆ, ಮುಂದಿನ ಸಲ ಅವರು ಮೈಸೂರಿನ ಬಸ್ ಹತ್ತುತ್ತಾರೆ. ಆ ದುಡ್ಡು ನಿಮ್ಮೂರಲ್ಲೇ ಉಳಿಯಬೇಕು. "ನನ್ನ ಕೈಗುಣ ಸರಿಯಿಲ್ಲ" ಅನ್ನುವ ಅಭ್ಯಾಸವನ್ನು ಇವತ್ತೇ ಬಿಡಿ. ಇದು ಕೆಮಿಸ್ಟ್ರಿ. ಕಲಿತವರಿಗೆಲ್ಲ ಬರುತ್ತದೆ.

1. ಬಾಟಲಿಯಲ್ಲಿ ಏನಿದೆ ತಿಳಿದುಕೊಳ್ಳಿ.
ನೈಟ್ರೋಸೆಲ್ಯುಲೋಸ್ ಮತ್ತು ರೆಸಿನ್ ಅನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ದ್ರಾವಕ ಹಾರಿಹೋಗುತ್ತದೆ, ಪದರ ಉಳಿಯುತ್ತದೆ. ಒಣಗುವುದು ಅಂದರೆ ಇಷ್ಟೇ. ಮೈಸೂರಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ 1962ರ ಚುನಾವಣೆಯಿಂದ ಕೊಡುತ್ತಿರುವ ಮತದಾನದ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಅದು ಚರ್ಮಕ್ಕೂ ಉಗುರಿಗೂ ಕಲೆಯಾಗಿ ಇಳಿಯುತ್ತದೆ, ತೊಳೆದರೂ ಹೋಗುವುದಿಲ್ಲ. ಪಾಲಿಶ್ ಹಾಗಲ್ಲ, ಅದು ಬರೀ ಮೇಲೆ ಕೂರುವ ಪದರ. ಆದ್ದರಿಂದ ಅದಕ್ಕೆ ಶುಭ್ರವಾದ ತಳ ಬೇಕು, ಸಮಯವೂ ಬೇಕು.

2. ಮೊದಲು ಜಿಡ್ಡು ತೆಗೆಯಿರಿ.
ಹುಣಸೂರು, ಪಿರಿಯಾಪಟ್ಟಣ ಕಡೆ ತಂಬಾಕು ಸೊಪ್ಪು ಮುರಿಯುವ ಕಾಲದಲ್ಲಿ ಬರುವವರ ಬೆರಳಿಗೆ ಕಪ್ಪು ಅಂಟು ಹತ್ತಿರುತ್ತದೆ. ಮೆಹಂದಿ ಹಾಕಿಸಿಕೊಂಡವರ ಕೈಯಲ್ಲಿ ನೀಲಗಿರಿ ಎಣ್ಣೆ ಇರುತ್ತದೆ. ಇನ್ನು ಕೆಲವು ಸಲ ಮಸಾಜ್ ಕ್ರೀಮ್ ಉಳಿಸಿದವರು ನೀವೇ. ಇದರ ಮೇಲೆ ಹಚ್ಚಿದ ಪಾಲಿಶ್ ಹಿಡಿಯುವುದಿಲ್ಲ, ಜಾರುತ್ತದೆ. ಸೋಪಿನಲ್ಲಿ ತೊಳೆಸಿ, ಒರೆಸಿ, ಆಮೇಲೆ ರಿಮೂವರ್ ಅದ್ದಿದ ಹತ್ತಿಯಿಂದ ಒಂದೊಂದೇ ಉಗುರನ್ನು ಅಂಚಿನವರೆಗೆ ಉಜ್ಜಿ. ಬಿಸಿನೀರಲ್ಲಿ ನೆನೆಸಿದ ಉಗುರು ನೀರು ಕುಡಿದು ಉಬ್ಬಿರುತ್ತದೆ, ಒಣಗಿದಾಗ ಮತ್ತೆ ಕುಗ್ಗಿ ಬಣ್ಣ ಏಳುತ್ತದೆ. ಅದಕ್ಕೆ ಉಗುರು ಪೂರ್ತಿ ಆರಿದ ಮೇಲೆಯೇ ಬ್ರಷ್ ಎತ್ತಿ.

3. ತೆಳುವಾಗಿ ಹಚ್ಚಿ, ಕಾಯಿರಿ, ಮತ್ತೆ ಹಚ್ಚಿ.
ಇದೊಂದನ್ನು ಪಾಲಿಸಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಬೇಸ್ ಕೋಟ್ ಒಂದು, ಬಣ್ಣ ಎರಡು, ಟಾಪ್ ಕೋಟ್ ಒಂದು. ಪ್ರತಿ ಕೋಟಿನ ನಡುವೆ 2ರಿಂದ 3 ನಿಮಿಷ ಬಿಡಿ. ಬ್ರಷ್‌ನ ಒಂದು ಬದಿಯನ್ನು ಬಾಟಲಿಯ ಬಾಯಿಗೆ ಒರೆಸಿ, ಮೂರು ಎಳೆತದಲ್ಲಿ ಉಗುರು ಮುಗಿಸಿ. ದಪ್ಪಗೆ ಒಂದೇ ಸಲ ಬಳಿದರೆ ಮೇಲ್ಮೈ ಮೊದಲು ಒಣಗಿ ಮುಚ್ಚಳ ಹಾಕುತ್ತದೆ, ಒಳಗಿನ ದ್ರಾವಕಕ್ಕೆ ಹೊರಗೆ ಬರುವ ದಾರಿಯೇ ಇರುವುದಿಲ್ಲ. ನಿಮ್ಮ ಮನೆಯಲ್ಲಿ ತಂಬಾಕು ಒಣಗಿಸುವ ಬ್ಯಾರನ್ ಇದ್ದರೆ ಅಪ್ಪನನ್ನು ಕೇಳಿ. ಉರಿಯನ್ನು ಹಂತಹಂತವಾಗಿ ಏರಿಸದೆ ಅವಸರ ಮಾಡಿದರೆ ಎಲೆ ಒಣಗಿದಂತೆ ಕಂಡರೂ ನಡುವಿನ ಕಡ್ಡಿ ಹಸಿಯಾಗೇ ಉಳಿಯುತ್ತದೆ, ಬೇಲ್ ಕಟ್ಟಿದ ಮೇಲೆ ಬೂಸ್ಟು ಹಿಡಿಯುತ್ತದೆ. ಉಗುರಿನ ಮೇಲೂ ಅದೇ ಲೆಕ್ಕ. ಗಿರಾಕಿ "ಬೇಗ ಮುಗಿಸಮ್ಮಾ" ಅಂದರೂ ಕೋಟ್ ದಪ್ಪ ಮಾಡಬೇಡಿ. ಬೇಕಾದರೆ ಎರಡನೇ ಬಣ್ಣದ ಕೋಟ್ ಬಿಡಿ.

4. ಫ್ಯಾನ್ ನಿಧಾನಕ್ಕೆ ಇಡಿ.
ಫುಲ್ ಸ್ಪೀಡ್ ಗಾಳಿ ನೇರ ಬಡಿದರೆ ಮೇಲ್ಮೈ ಗಟ್ಟಿಯಾಗಿ ಒಳಗೆ ಗುಳ್ಳೆ ಏಳಬಹುದು. ಹೇರ್ ಡ್ರೈಯರ್‌ನ ಬಿಸಿಗಾಳಿಯಂತೂ ಬೇಡವೇ ಬೇಡ.

5. ತಣ್ಣೀರಿನ ಟ್ರಿಕ್ ನಂಬಬೇಡಿ.
ಐಸ್ ನೀರು ಪದರವನ್ನು ತಾತ್ಕಾಲಿಕವಾಗಿ ಬಿಗಿ ಮಾಡುತ್ತದೆ, ದ್ರಾವಕವನ್ನು ಹೊರಹಾಕುವುದಿಲ್ಲ. ಮುಟ್ಟಿದರೆ ಅಂಟದ ಸ್ಥಿತಿಗೆ 15ರಿಂದ 20 ನಿಮಿಷ ಬೇಕು. ಪೂರ್ತಿ ಗಟ್ಟಿಯಾಗಲು ಕೆಲವು ಗಂಟೆಗಳೇ ಬೇಕು. ಆ ದಿನ ಪಾತ್ರೆ ತಿಕ್ಕುವುದು, ಬಿಸಿನೀರ ಸ್ನಾನ ಮುಂದಕ್ಕೆ ಹಾಕಲು ಹೇಳಿ. ಹೇಳದೆ ಕಳಿಸಿದರೆ ತಪ್ಪು ನಿಮ್ಮದಾಗುತ್ತದೆ.

6. ಮಳೆಗಾಲಕ್ಕೆ ಬೇರೆ ಟೈಮಿಂಗ್ ಹಾಕಿ.
ಕೊಡಗಿನ ಗಡಿಯ ಪಿರಿಯಾಪಟ್ಟಣದಲ್ಲಿ, ಕಬಿನಿ ದಡದ ಎಚ್.ಡಿ. ಕೋಟೆಯಲ್ಲಿ ಜೂನ್‌ನಿಂದ ಗಾಳಿಯೇ ಒದ್ದೆ. ದ್ರಾವಕ ಹಾರುವಾಗ ಪದರ ತಂಪಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಮೂಡಬಹುದು. ಕೋಟಿನ ನಡುವಿನ ಬಿಡುವನ್ನು ಹೆಚ್ಚಿಸಿ. ಸ್ಟೀಮರ್ ಇಟ್ಟ ಜಾಗದಿಂದ ಮ್ಯಾನಿಕ್ಯೂರ್ ಟೇಬಲ್ ದೂರ ಸರಿಸಿ.

7. ಬಾಟಲಿ ಕುಲುಕಬೇಡಿ.
ಅಂಗೈಗಳ ನಡುವೆ ಉರುಳಿಸಿ. ಕುಲುಕಿದರೆ ಗಾಳಿಗುಳ್ಳೆ ಸೇರುತ್ತದೆ. ಹಳೆಯದಾಗಿ ಮಂದವಾದ ಪಾಲಿಶ್‌ಗೆ ಎರಡು ಹನಿ ನೇಲ್ ಪಾಲಿಶ್ ಥಿನ್ನರ್ ಹಾಕಿ, ರಿಮೂವರ್ ಹಾಕಬೇಡಿ. ಎರಡಕ್ಕೂ ಬೇಗ ಬೆಂಕಿ ಹತ್ತುತ್ತದೆ. ಪಾರ್ಲರ್ ದೇವರ ಮುಂದಿನ ದೀಪ, ಊದುಬತ್ತಿಯಿಂದ ದೂರ ಇಡಿ, ಕಿಟಕಿ ತೆರೆದಿಡಿ.

8. ಜೆಲ್ ಕಲಿಯಿರಿ, ಓದಿ ಕಲಿಯಿರಿ.
ಜೆಲ್ ಪಾಲಿಶ್ ಒಣಗುವುದಿಲ್ಲ, ಯುವಿ ಅಥವಾ ಎಲ್‌ಇಡಿ ಲ್ಯಾಂಪ್ ಬೆಳಕಿನಲ್ಲಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಸಾಮಾನ್ಯ ಪಾಲಿಶ್ ಅನ್ನು ಅದೇ ಲ್ಯಾಂಪ್ ಕೆಳಗೆ ಇಟ್ಟು ಕಾಯುವುದು ವ್ಯರ್ಥ. ಜೆಲ್ ಚರ್ಮಕ್ಕೆ ತಗಲದಂತೆ ಹಚ್ಚಿ, ಅರೆಬರೆ ಗಟ್ಟಿಯಾದ ಜೆಲ್‌ನಿಂದ ಅಲರ್ಜಿ ಬರಬಹುದು. ಕರೆಂಟ್ ಹೋದರೆ ಕೆಲಸ ನಡುವೆ ನಿಲ್ಲುತ್ತದೆ, ಯುಪಿಎಸ್ ಇಲ್ಲದೆ ಬುಕಿಂಗ್ ತೆಗೆದುಕೊಳ್ಳಬೇಡಿ. ಟಿಪಿಒ ಎಂಬ ಅಂಶವಿರುವ ಜೆಲ್ ಅನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಲೇಬಲ್ ನೋಡಿ ಕೊಳ್ಳಿ.

9. ಮದುಮಗಳ ಟೈಮ್ ಟೇಬಲ್ ನೀವೇ ಬರೆಯಿರಿ.
ದೊಡ್ಡ ದುಡ್ಡು ಇರುವುದು ಮದುವೆಯಲ್ಲಿ. ಅರಿಶಿನ ಶಾಸ್ತ್ರಕ್ಕೆ ಮೊದಲು ತಿಳಿ ಬಣ್ಣ ಹಚ್ಚಿದರೆ ಅದು ಹಳದಿಯಾಗುತ್ತದೆ. ಅರಿಶಿನ, ಮೆಹಂದಿ, ಬಳೆ ತೊಡಿಸುವುದು ಎಲ್ಲ ಮುಗಿಯಲಿ, ಆರತಕ್ಷತೆಗೆ ಕನಿಷ್ಠ 3 ಗಂಟೆ ಮೊದಲು ಪಾಲಿಶ್ ಹಚ್ಚಿ. ಮನೆಯವರು ಗಡಿಬಿಡಿ ಮಾಡುತ್ತಾರೆ, ಜಗ್ಗಬೇಡಿ. ಇನ್ನು ಪಾರ್ಲರ್‌ಗೇ ಬಂದ ಗಿರಾಕಿಯಿಂದ ಪಾಲಿಶ್‌ಗೆ ಮುಂಚೆಯೇ ದುಡ್ಡು ತೆಗೆದುಕೊಳ್ಳಿ, ಫೋನು, ಬೀಗದ ಕೈ, ಬಸ್ ಚಾರ್ಜು ಹೊರಗೆ ಇಡಿಸಿ. ಹಸಿ ಉಗುರು ಹೆಚ್ಚಾಗಿ ಕೆಡುವುದು ಪರ್ಸಿನ ಜಿಪ್ಪಿನಲ್ಲಿ.

ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ, ಪಾರ್ಲರ್ ಖಾಲಿ, ಹವೆಯೂ ಒದ್ದೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳು ಸಿಗದು. ಅಕ್ಕ, ಅತ್ತಿಗೆ, ಪಕ್ಕದ ಮನೆಯವರನ್ನು ಕೂರಿಸಿ, ಗಡಿಯಾರ ಮುಂದಿಟ್ಟು ಹಚ್ಚಿ, ಯಾವ ಬ್ರ್ಯಾಂಡ್ ಎಷ್ಟು ನಿಮಿಷಕ್ಕೆ ಒಣಗಿತು ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಕೋರ್ಸ್ ಇನ್ನೂ ಮಾಡಿಲ್ಲವೇ? 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಉಚಿತ. ಅರ್ಜಿ ಹಾಕಿ. ಮದುವೆಯ ಬುಕಿಂಗ್‌ಗಳು ಶ್ರಾವಣದಲ್ಲಿ ಮತ್ತೆ ಶುರುವಾಗುತ್ತವೆ, ಅಷ್ಟರೊಳಗೆ ತಯಾರಾಗಿರಿ.