ಮಾಗಡಿ ಕೆರೆಗೆ ಹೊರಟಿರಾ?

ಹೆಬ್ಬಾತು ನೋಡಲು ಮಾಗಡಿ ಕೆರೆಗೆ ಹೋಗುವ ಬಹಳಷ್ಟು ಜನ ಉಂಡು, ಸಾವಕಾಶವಾಗಿ ಮಧ್ಯಾಹ್ನಕ್ಕೆ ಹೊರಡುತ್ತಾರೆ. ಹಾಗೆ ಮಾಡಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿರುವ ಪಟ್ಟೆತಲೆ ಹೆಬ್ಬಾತುಗಳು ಇರುಳೆಲ್ಲ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಹಗಲು ಕೆರೆಯ ನಡುವೆ ತೂಕಡಿಸುತ್ತವೆ. ಬೆಳಗಿನ ಜಾವ ಅವು ಹಿಂಡುಹಿಂಡಾಗಿ ಮರಳುವುದನ್ನೂ ಸಂಜೆ ಮತ್ತೆ ಮೇವಿಗೆ ಏಳುವುದನ್ನೂ ನೋಡಬೇಕು. ಮಂಗೋಲಿಯಾ ಕಡೆಯಿಂದ ಹಿಮಾಲಯವನ್ನೇ ದಾಟಿ ಬಂದ ಹಕ್ಕಿಗಳಿವು. ನಾವು ಒಂದು ತಾಸು ಬೇಗ ಏಳಲಾರೆವೇ?

ಕೆರೆ ಗದಗದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದ ಹಾದಿಯಲ್ಲೇ ಇದೆ. ದುರ್ಬೀನು ಮರೆಯಬೇಡಿ, ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಬರಿಗಣ್ಣಿಗೆ ಕಾಣುವುದು ಕಷ್ಟ. ಬೆಳಗ್ಗೆ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಿ. ಕಡುಗೆಂಪು, ಹಳದಿ ಅಂಗಿ ಬೇಡ. ಮಕ್ಕಳಿಗೆ ಕಲ್ಲು ಎಸೆಯಬೇಡಿರೆಂದು ಮನೆಯಲ್ಲೇ ಹೇಳಿ ಕರೆತನ್ನಿ; ಹಿಂಡು ಹಾರಿಸಿ ಫೋಟೊ ತೆಗೆಯುವ ದೊಡ್ಡವರಿಗೆ ಯಾರು ಹೇಳಬೇಕೋ! ನೀರಾವರಿಗೆಂದು ಕಟ್ಟಿದ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದೆ. ಆದರೂ ಇದು ದೊಡ್ಡ ಅಭಯಾರಣ್ಯವಲ್ಲ, ಜೀಪು ಸಫಾರಿ ನಿರೀಕ್ಷಿಸಬೇಡಿ. ರೊಟ್ಟಿಬುತ್ತಿ, ನೀರು ಜೊತೆಗಿರಲಿ, ಕಸ ವಾಪಸು ಒಯ್ಯಿರಿ.

ಬಿಸಿಲೇರಿದ ಮೇಲೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೋ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೋ ಹೋಗಿ, ಸಂಜೆಗೆ ಮತ್ತೆ ಕೆರೆದಂಡೆಗೆ ಬನ್ನಿ.